ಪ್ರಾಡಕ್ಟ್ ಮ್ಯಾನೇಜರ್ (ಪಿಎಂ) ಆಗಿದ್ದೀರಾ? ಡೇಟಾ ನೀವೇ ತೆಗೀರಿ, ಆದ್ರೆ ಏನನ್ನ ಎಣಿಸ್ತಿದ್ದೀರಿ ಅಂತ ಮೊದ್ಲು ನೋಡ್ಕೊಳ್ಳಿ

ಬೆಂಗಳೂರಲ್ಲಿ ಯಾವ ಸ್ಟಾರ್ಟಪ್‌ಗೆ ಹೋದ್ರೂ ಪ್ರಾಡಕ್ಟ್ ಮ್ಯಾನೇಜರ್‌ಗಳದ್ದು ಒಂದೇ ಗೋಳು, ಅನಲಿಸ್ಟ್ ಟೀಮ್‌ಗೆ ಟಿಕೆಟ್ (ಕೆಲಸದ ಕೋರಿಕೆ) ಹಾಕಿದೀನಿ ಇನ್ನೂ ಡೇಟಾ ಬಂದಿಲ್ಲ ಅಂತ. ಬಂತು ಅಂತಿಟ್ಕೊಳ್ಳಿ, ಅದನ್ನ ನೋಡ್ತಿದ್ದಂಗೇ ಇನ್ನೊಂದು ಪ್ರಶ್ನೆ ಹುಟ್ಟತ್ತೆ, ಅದಕ್ಕೆ ಮತ್ತೊಂದು ಟಿಕೆಟ್, ಅಷ್ಟೊತ್ತಿಗೆ ಸ್ಪ್ರಿಂಟೇ (ಒಂದು ಸುತ್ತಿನ ಕೆಲಸದ ಅವಧಿ) ಮುಗ್ದು ಹೋಗಿರತ್ತೆ. ಅನಲಿಸ್ಟ್‌ಗಳದ್ದೂ ತಪ್ಪಿಲ್ಲ ಬಿಡಿ, ನಾಲ್ಕು ಪಿಎಂಗೆ ಒಬ್ರೇ ಅನಲಿಸ್ಟ್ ಇದ್ರೆ ಅವ್ರಾದ್ರೂ ಏನ್ ಮಾಡ್ತಾರೆ. ಅದಕ್ಕೆ ದಿನಾ ಬರೋ ಪ್ರಶ್ನೆಗಳಿಗೆ ಉತ್ತರ ನೀವೇ ತೆಗ್ಯೋದು ಕಲ್ತ್ಕೊಂಡ್ಬಿಡಿ.

ಟೂಲ್‌ನ (ಡೇಟಾ ನೋಡಿ ಚಾರ್ಟ್ ಮಾಡೋ ಸಾಫ್ಟ್‌ವೇರ್) ಒಂದೊಂದು ಬಟನ್ನೂ ಇಲ್ಲಿ ಹೇಳ್ಕೊಡಲ್ಲ, ಅದಕ್ಕೆ ಯೂಟ್ಯೂಬ್ ಇದೆ. ಚಾರ್ಟ್ ಮಾಡೋದು ಹತ್ತು ನಿಮಿಷದ ಕೆಲಸ. ಆ ಚಾರ್ಟ್ ಯಾವುದನ್ನ ಎಣಿಸಿದೆ, ಯಾವುದರಿಂದ ಭಾಗ್ಸಿದೆ ಅನ್ನೋದನ್ನ ಗಟ್ಟಿ ಮಾಡ್ಕೊಳ್ಳೋದ್ರಲ್ಲೇ ಎಲ್ರೂ ಎಡವೋದು, ಹಾಗಾಗಿ ನಾನು ಜಾಸ್ತಿ ಮಾತಾಡೋದೂ ಅದ್ರ ಬಗ್ಗೆನೇ. ಉದಾಹರಣೆಗೆ ಒಂದು ಕಿರಾಣಿ ಡೆಲಿವರಿ ಆಪ್ ಇಟ್ಕೊಳ್ಳೋಣ, ಬೆಂಗಳೂರು ಮೈಸೂರಲ್ಲಿ ಓಡ್ತಿದೆ, ಹುಬ್ಬಳ್ಳಿಗೆ ಈಗಷ್ಟೇ ಕಾಲಿಟ್ಟಿದೆ. ಆಪ್ ಕಾಲ್ಪನಿಕ, ಅದ್ರ ಅಂಕಿಗಳನ್ನ ಲೆಕ್ಕ ಸುಲಭ ಆಗ್ಲಿ ಅಂತ ನಾನೇ ಹಾಕಿರೋದು.

ಯಾವ ಟೂಲ್?

ನಿಮ್ಮ ಕಂಪನಿಯಲ್ಲಿ ಯಾವುದಿದ್ಯೋ ಅದೇ. ಇದಕ್ಕಿಂತ ಜಾಸ್ತಿ ತಲೆ ಕೆಡಿಸ್ಕೋಬೇಡಿ. ಆದ್ರೂ ಎರಡು ಜಾತಿ ಇದೆ ಅನ್ನೋದು ಗೊತ್ತಿರ್ಲಿ. ಮಿಕ್ಸ್‌ಪ್ಯಾನಲ್, ಆಂಪ್ಲಿಟ್ಯೂಡ್, ಜಿಎ4 (ಗೂಗಲ್ ಅನಾಲಿಟಿಕ್ಸ್ 4) ಇವೆಲ್ಲ ಯೂಸರ್ ಆಪ್ ಒಳಗೆ ಏನ್ ಮಾಡಿದ್ರು ಅನ್ನೋ ಇವೆಂಟ್‌ಗಳನ್ನ ನೋಡೋಕೆ. ಮೆಟಾಬೇಸ್, ಪವರ್ ಬಿಐ, ಟ್ಯಾಬ್ಲೋ, ಲುಕರ್ ಸ್ಟುಡಿಯೋ, ಸೂಪರ್‌ಸೆಟ್ ಇವು ಡೇಟಾಬೇಸ್ ಟೇಬಲ್‌ಗಳ ಮೇಲೆ ಕೂತು ಚಾರ್ಟ್ ಕೊಡೋವು. ಯೂಸರ್ ಯಾವ ಸ್ಕ್ರೀನಿಂದ ವಾಪಸ್ ಹೋದ ಅಂತ ಬೇಕಾದ್ರೆ ಮೊದಲನೇದು, ದುಡ್ಡಿನ ವಿಷಯ ಬಂದ್ರೆ ಎರಡನೇದು. ಎರಡರ ನಂಬರ್ ಯಾವತ್ತೂ ಕರೆಕ್ಟಾಗಿ ಹೊಂದಲ್ಲ, ಯಾಕಂದ್ರೆ ಇವೆಂಟ್ ಹೊರಡೋದು ಯೂಸರ್ ಫೋನಿಂದ, ನೆಟ್ವರ್ಕ್ ಹೋಯ್ತು ಆಪ್ ಕ್ಲೋಸ್ ಆಯ್ತು ಬ್ರೌಸರ್‌ನಲ್ಲಿ ಆ್ಯಡ್ ಬ್ಲಾಕರ್ ಇತ್ತು ಅಂದ್ರೆ ಆ ಇವೆಂಟ್ ಎಷ್ಟೋ ಸಲ ಬರೋದೇ ಇಲ್ಲ. ಆರ್ಡರ್ ಎಷ್ಟಾಯ್ತು ಅಂತ ಮಿಕ್ಸ್‌ಪ್ಯಾನಲ್‌ನಲ್ಲಿ ನೋಡಿ ಫೈನಾನ್ಸ್‌ನವ್ರ ಹತ್ರ ವಾದಕ್ಕೆ ಹೋಗ್ಬೇಡಿ, ಸೋಲ್ತೀರಿ.

ನನ್ನ ಓಟು ಮೆಟಾಬೇಸ್‌ಗೆ. ಓಪನ್ ಸೋರ್ಸ್ ಎಡಿಷನ್ ಫ್ರೀ, ಡಾಕರ್ (ಸಾಫ್ಟ್‌ವೇರ್‌ನ ಪ್ಯಾಕ್ ಮಾಡಿ ಓಡ್ಸೋ ವ್ಯವಸ್ಥೆ) ಗೊತ್ತಿರೋ ಎಂಜಿನಿಯರ್ ಒಬ್ರು ಇದ್ರೆ ಮಧ್ಯಾಹ್ನದ ಊಟದೊಳಗೆ ನಿಂತ್ಕೊಳ್ಳತ್ತೆ, ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಪ್ರಶ್ನೆ ಕೇಳೋ ಭಾಷೆ) ಬರ್ದೇ ಇದ್ರೂ ಕ್ಲಿಕ್ ಮಾಡ್ಕೊಂಡೇ ಸುಮಾರು ದೂರ ಹೋಗ್ಬಹುದು. ಪವರ್ ಬಿಐ ತುಂಬಾ ಗಟ್ಟಿ ಟೂಲು, ಆದ್ರೆ ಅದ್ರ ಡೆಸ್ಕ್‌ಟಾಪ್ ಆಪ್ ವಿಂಡೋಸ್‌ಗೆ ಮಾತ್ರ, ಸ್ಟಾರ್ಟಪ್‌ನವ್ರು ಕೊಡೋದು ನೋಡಿದ್ರೆ ಮ್ಯಾಕ್‌ಬುಕ್ಕು. ಟ್ಯಾಬ್ಲೋ ಚೆಂದ, ಪಿಎಂ ದಿನದ ಕೆಲಸಕ್ಕೆ ಅಷ್ಟು ಬೇಡ. ಲುಕರ್ ಸ್ಟುಡಿಯೋ (2022ರವರೆಗೆ ಡೇಟಾ ಸ್ಟುಡಿಯೋ ಅಂತಿದ್ದದ್ದು) ಫ್ರೀ, ಗೂಗಲ್ ಶೀಟ್ಸ್ ಮೇಲೆ ಏನಾದ್ರೂ ತೋರಿಸ್ಬೇಕಂದ್ರೆ ಅನುಕೂಲ.

ಜಿಎ4 ಬಳಸೋವ್ರಿಗೆ ಒಂದು ಮಾತು, ಇದನ್ನ ಈಗ್ಲೇ ಮಾಡಿ. ಅಡ್ಮಿನ್‌ಗೆ ಹೋಗಿ ಡೇಟಾ ರಿಟೆನ್ಷನ್ (ಡೇಟಾ ಎಷ್ಟು ಕಾಲ ಉಳಿಯತ್ತೆ ಅನ್ನೋ ಸೆಟ್ಟಿಂಗ್) ನೋಡಿ, ಡಿಫಾಲ್ಟ್ 2 ತಿಂಗಳು ಇರತ್ತೆ, ಅದನ್ನ 14 ತಿಂಗಳಿಗೆ ಬದಲಾಯಿಸಿ. ಇಲ್ಲಾಂದ್ರೆ ಎಕ್ಸ್‌ಪ್ಲೊರೇಷನ್‌ನಲ್ಲಿ ಹೋದ ವರ್ಷದ್ದು ನೋಡೋಣ ಅಂತ ಹೋದಾಗ ಅಲ್ಲಿ ಏನೂ ಇರಲ್ಲ, ಆಮೇಲೆ ಬದಲಾಯಿಸಿದ್ರೂ ಹೋದದ್ದು ಹೋಯ್ತು.

ಚಾರ್ಟಿಗೆ ಮುಂಚೆ ಸಾಲು ನೋಡಿ

ಡೇಟಾಬೇಸ್‌ಗೆ ಆಕ್ಸೆಸ್ ಕೇಳುವಾಗ ರೀಡ್ ರೆಪ್ಲಿಕಾಗೆ (ಓದೋಕೆ ಮಾತ್ರ ಇರೋ ನಕಲು) ಕೇಳಿ. ಪ್ರೊಡಕ್ಷನ್ ಡೇಟಾಬೇಸ್ (ಆಪ್ ಬಳಸೋ ಅಸಲಿ ಡೇಟಾಬೇಸ್) ಮೇಲೆ ನೇರ ಕ್ವೆರಿ (ಡೇಟಾ ಕೇಳೋ ಪ್ರಶ್ನೆ) ಓಡ್ಸಿದ್ರೆ ಒಂದು ಕೆಟ್ಟ ಕ್ವೆರಿಗೆ ಇಡೀ ಆಪ್ ನಿಧಾನ ಆಗ್ಬಹುದು, ಬ್ಯಾಕೆಂಡ್‌ನವ್ರು ಆ್ಯಕ್ಸೆಸ್ ಕೊಡೋಕೆ ಹಿಂದೆಮುಂದೆ ನೋಡೋದೂ ಅದಕ್ಕೇ, ರೆಪ್ಲಿಕಾ ಸಾಕು ಅಂದ್ರೆ ಬೇಗ ಒಪ್ತಾರೆ.

ಆಕ್ಸೆಸ್ ಸಿಕ್ಕ ಕೂಡ್ಲೇ ಚಾರ್ಟ್ ಮಾಡೋಕೆ ಓಡ್ಬೇಡಿ. ಆರ್ಡರ್ ಟೇಬಲ್ ತೆಗೀರಿ, ಒಂದು ಐವತ್ತು ಸಾಲು ಸುಮ್ನೆ ಓದಿ, ಎಲ್ಲಾ ಕಾಲಂ. ನಿಮ್ಮದೇ ಫೋನಿಂದ ಒಂದು ಆರ್ಡರ್ ಹಾಕಿ ಅದು ಟೇಬಲ್‌ನಲ್ಲಿ ಹೆಂಗೆ ಬಂದು ಕೂರತ್ತೆ ನೋಡಿ, ಆಮೇಲೆ ಕ್ಯಾನ್ಸಲ್ ಮಾಡಿ ಏನ್ ಬದಲಾಯ್ತು ನೋಡಿ. ಸ್ಟೇಟಸ್ ಕಾಲಂನಲ್ಲಿ 1, 2, 4, 7 ಅಂತೆಲ್ಲ ಇರತ್ತೆ, 3 ಎಲ್ಲಿ ಹೋಯ್ತು ಅಂತ ಕೇಳಿದ್ರೆ ಅದು ಹಳೇ ಫ್ಲೋದಲ್ಲಿತ್ತು ಈಗಿಲ್ಲ ಅಂತಾರೆ. ಹೀಗೆ ಕೇಳೋಕೆ ಬ್ಯಾಕೆಂಡ್ ಡೆವಲಪರ್ ಒಬ್ರನ್ನ ಕಾಫಿಗೆ ಕರ್ಕೊಂಡು ಹೋಗಿ, ಅರ್ಧ ಗಂಟೆ ಸಾಕು, ಆದ್ರೆ ಅವ್ರು ಹೇಳಿದ್ದನ್ನ ಬರ್ದಿಟ್ಕೊಳ್ಳಿ.

ಆ ಅರ್ಧ ಗಂಟೆಯಲ್ಲಿ ತಪ್ಪದೇ ಕೇಳ್ಬೇಕಾದ್ದು ಏನು ಅಂದ್ರೆ, ಈ ಟೇಬಲ್‌ನಲ್ಲಿ ಒಂದು ಸಾಲು ಅಂದ್ರೆ ಏನು. ಒಂದು ಆರ್ಡರಾ, ಆರ್ಡರ್ ಒಳಗಿನ ಒಂದು ಐಟಮ್ಮಾ, ಒಂದು ಪೇಮೆಂಟ್ ಪ್ರಯತ್ನನಾ. ಇದು ಗೊತ್ತಿಲ್ದೇ ಎರಡು ಟೇಬಲ್ ಜಾಯಿನ್ ಮಾಡಿದ್ರೆ (ಒಂದಕ್ಕೊಂದು ಜೋಡ್ಸಿದ್ರೆ) ಸೇಲ್ಸ್ ಡಬಲ್ ತ್ರಿಬಲ್ ಆಗ್ಬಿಡತ್ತೆ, 400 ರೂಪಾಯಿ ಆರ್ಡರ್‌ಗೆ ಮೂರು ಸಲ ಪೇಮೆಂಟ್ ಟ್ರೈ ಮಾಡಿದ್ರೆ ಜಾಯಿನ್ ಆದ್ಮೇಲೆ ಮೂರು ಸಾಲು, ಒಟ್ಟು ಕೂಡಿಸಿದ್ರೆ 1,200. ಚಾರ್ಟ್ ನೋಡೋಕೆ ಚೆನ್ನಾಗೇ ಇರತ್ತೆ, ಯಾರಿಗೂ ಅನುಮಾನನೇ ಬರಲ್ಲ. ಹಾಗೇ ದುಡ್ಡಿನ ಕಾಲಂ ರೂಪಾಯೀಲಿದ್ಯಾ ಪೈಸೆಯಲ್ಲಿದ್ಯಾ ಕೇಳಿ, ಪೇಮೆಂಟ್ ಗೇಟ್‌ವೇಗಳಲ್ಲಿ (ಆಪ್ ಪರವಾಗಿ ದುಡ್ಡು ತಗೊಳ್ಳೋ ಸೇವೆ) ಪೈಸೆ ಲೆಕ್ಕ ಮಾಮೂಲು, ನೂರು ಪಟ್ಟು ಹೆಚ್ಚು ಕಡಿಮೆ ಆಗತ್ತೆ. ಟೆಸ್ಟ್ ಆರ್ಡರ್‌ಗಳನ್ನ ಹೆಂಗೆ ಗುರ್ತು ಹಿಡಿಯೋದು ಅಂತಾನೂ ಕೇಳಿ, ಕ್ಯೂಎ (ಟೆಸ್ಟಿಂಗ್) ಟೀಮ್ ದಿನಾ ನೂರಾರು ಆರ್ಡರ್ ಹಾಕ್ತಿರತ್ತೆ.

ಇನ್ನೊಂದು ಟೈಮ್‌ಝೋನು. ಡೇಟಾಬೇಸ್‌ನಲ್ಲಿ ಸಮಯ ಸಾಮಾನ್ಯವಾಗಿ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) ಇರತ್ತೆ, ನಮ್ಮ ಟೈಮ್ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಂದ್ರೆ ಡೇಟಾಬೇಸ್ ಪ್ರಕಾರ ದಿನ ಬದಲಾಗೋದು ನಮ್ಮ ಬೆಳಿಗ್ಗೆ 5:30ಕ್ಕೆ. ಮಧ್ಯರಾತ್ರಿ ಆದ್ಮೇಲೆ ಬಂದ ಆರ್ಡರೆಲ್ಲ ಹಿಂದಿನ ದಿನದ ಖಾತೆಗೆ ಹೋಗತ್ತೆ. ಕಿರಾಣಿಗೆ ಅಷ್ಟೇನೂ ವ್ಯತ್ಯಾಸ ಆಗಲ್ಲ ಅನ್ಸಬಹುದು, ಹಾಲಿನ ಆರ್ಡರ್ ಬೆಳಿಗ್ಗೆ ನಾಲ್ಕರಿಂದ ಐದಕ್ಕೆ ಪ್ರೋಸೆಸ್ ಆಗೋ ಆಪ್ ಆದ್ರೆ ಕಥೆನೇ ಬೇರೆ, ಭಾನುವಾರದ ಹಾಲೆಲ್ಲ ಶನಿವಾರಕ್ಕೆ ಸೇರ್ಕೊಂಡಿರತ್ತೆ. ಮೆಟಾಬೇಸ್‌ನಲ್ಲಿ ಅಡ್ಮಿನ್ ಸೆಟ್ಟಿಂಗ್ಸ್ ಒಳಗೆ ರಿಪೋರ್ಟ್ ಟೈಮ್‌ಝೋನ್ ಅಂತ ಇದೆ, ಅದನ್ನ ಏಷ್ಯಾ ಕೋಲ್ಕತ್ತಾ ಮಾಡ್ಸಿ. ಕಾಲಂನಲ್ಲೇ ಟೈಮ್‌ಝೋನ್ ಮಾಹಿತಿ ಇಲ್ಲ ಅಂದ್ರೆ ಆ ಸೆಟ್ಟಿಂಗ್ ಕೆಲಸಕ್ಕೆ ಬರಲ್ಲ, ಕ್ವೆರಿಯಲ್ಲೇ ಐದೂವರೆ ಗಂಟೆ ಕೂಡಿಸ್ಬೇಕು.

60, 72, 90: ಒಂದೇ ದಿನ, ಮೂರು ಸಕ್ಸೆಸ್ ರೇಟ್

ಈಗ ಒಂದು ನಿಜವಾದ ಥರದ ಪ್ರಶ್ನೆ ತಗೊಳ್ಳೋಣ. ಸಿಇಓ ಬೆಳಿಗ್ಗೆ ಸ್ಲ್ಯಾಕ್‌ನಲ್ಲಿ ಕೇಳ್ತಾರೆ, ನಮ್ಮ ಯುಪಿಐ ಸಕ್ಸೆಸ್ ರೇಟ್ ಎಷ್ಟು ಅಂತ.

ನಿನ್ನೆ 1,500 ಜನ ಪೇಮೆಂಟ್ ಪೇಜಿಗೆ ಬಂದ್ರು. ಅದ್ರಲ್ಲಿ 1,000 ಜನ ಯುಪಿಐ ಒತ್ತಿ ಪೇ ಮಾಡೋಕೆ ಹೋದ್ರು, ಒಬ್ಬೊಬ್ರದ್ದು ಒಂದೊಂದೇ ಆರ್ಡರ್. ಕೆಲವ್ರು ಎರಡು ಮೂರು ಸಲ ಟ್ರೈ ಮಾಡಿದ್ದಕ್ಕೆ ಒಟ್ಟು ಪ್ರಯತ್ನ 1,250. ಕೊನೆಗೆ ದುಡ್ಡು ಬಂದದ್ದು 900 ಆರ್ಡರ್‌ಗೆ. ಗೇಟ್‌ವೇ ಡ್ಯಾಶ್‌ಬೋರ್ಡ್ ಪ್ರಯತ್ನಗಳನ್ನ ಎಣಿಸತ್ತೆ, 900 ಭಾಗ 1,250, ಅಂದ್ರೆ 72%. ಪೇಮೆಂಟ್ಸ್ ಟೀಮ್ ಆರ್ಡರ್ ಎಣಿಸತ್ತೆ, 90%. ಗ್ರೋತ್ ಟೀಮ್ ಪೇಜಿಗೆ ಬಂದವ್ರನ್ನ ಎಣಿಸತ್ತೆ, 60%. ಮೂರೂ ಸರಿ, ಮೂರಕ್ಕೂ ಮೀಟಿಂಗ್‌ನಲ್ಲಿ ಹೇಳೋದು ಸಕ್ಸೆಸ್ ರೇಟ್ ಅಂತಾನೇ. ಎತ್ತು ಏರಿಗೆ ಎಳೆದ್ರೆ ಕೋಣ ನೀರಿಗೆ ಎಳೀತು ಅನ್ನೋ ಹಂಗೆ ಒಂದು ಗಂಟೆ ಮೀಟಿಂಗ್ ಹೋಗತ್ತೆ.

ಯಾವುದು ಹಿಡಿಯೋದು ಅಂದ್ರೆ, ಆ ನಂಬರ್ ನೋಡಿ ಏನು ನಿರ್ಧಾರ ಮಾಡ್ತೀರಿ ಅನ್ನೋದ್ರ ಮೇಲೆ. ಗೇಟ್‌ವೇ ಬದಲಾಯಿಸ್ಬೇಕಾ ಅನ್ನೋ ಪ್ರಶ್ನೆ ಇದ್ರೆ 72 ನೋಡಿ. ಫೇಲ್ ಆದ್ಮೇಲೆ ಮತ್ತೆ ಟ್ರೈ ಮಾಡೋ ಸ್ಕ್ರೀನ್ ಸರಿಯಿದ್ಯಾ ಅಂದ್ರೆ 72ಕ್ಕೂ 90ಕ್ಕೂ ನಡುವಿನ ಅಂತರ ನೋಡಿ, ಆ ಅಂತರ ರಿಟ್ರೈ ಎಷ್ಟು ಉಪಕಾರ ಮಾಡ್ತಿದೆ ಅನ್ನೋದ್ರ ಒಂದು ಅಂದಾಜು. 60ನ್ನ ಯುಪಿಐ ತಲೆಗೆ ಕಟ್ಟೋಕೇ ಬರಲ್ಲ, ಯಾಕಂದ್ರೆ ಉಳಿದ 500 ಜನರಲ್ಲಿ ಕಾರ್ಡ್ ಕೊಟ್ಟವ್ರು, ಕ್ಯಾಶ್ ಆನ್ ಡೆಲಿವರಿ ಹಾಕಿದವ್ರು, ಡೆಲಿವರಿ ಚಾರ್ಜ್ ನೋಡಿ ವಾಪಸ್ ಹೋದವ್ರು ಎಲ್ರೂ ಇದ್ದಾರೆ.

ಇದನ್ನ ಮೆಟಾಬೇಸ್‌ನಲ್ಲಿ ಮಾಡೋದು ಹೆಂಗೆ ಅಂತ ಹೇಳ್ತೀನಿ, ಇದೊಂದು ಬಂದ್ರೆ ಸುಮಾರು ಎಲ್ಲಾ ರೇಟ್ ಲೆಕ್ಕಗಳೂ ಬಂದಂಗೆ. ನ್ಯೂ ಒತ್ತಿ, ಕ್ವೆಶ್ಚನ್ ತಗೊಳ್ಳಿ, ಪೇಮೆಂಟ್ ಟೇಬಲ್ ಆರಿಸಿ. ಫಿಲ್ಟರ್‌ನಲ್ಲಿ ಮೆಥಡ್ ಯುಪಿಐ, ದಿನಾಂಕ ಹಿಂದಿನ 30 ದಿನ, ಟೆಸ್ಟ್ ಆರ್ಡರ್ ಬೇಡ. ಈಗ ಕಸ್ಟಮ್ ಕಾಲಂ ಒಂದು ಸೇರ್ಸಿ, ಕೇಸ್ ಫಂಕ್ಷನ್ ಬಳಸಿ ಸ್ಟೇಟಸ್ ಸಕ್ಸೆಸ್ ಆಗಿದ್ರೆ 1, ಇಲ್ಲಾಂದ್ರೆ 0. ಸಮ್ಮರೈಜ್‌ಗೆ ಹೋಗಿ ಆ ಕಾಲಂನ ಆವರೇಜ್ ತಗೊಂಡು ದಿನದ ಪ್ರಕಾರ ಗುಂಪು ಮಾಡಿದ್ರೆ ಬರೋದು ಪ್ರಯತ್ನದ ಲೆಕ್ಕ, ಅಂದ್ರೆ ಆ 72. ಸೊನ್ನೆ ಒಂದರ ಸರಾಸರಿ ತಗೊಂಡ್ರೆ ಅದೇ ಪರ್ಸೆಂಟೇಜು, ಬೇರೆ ಫಾರ್ಮುಲಾ ಬೇಡ.

90 ಬೇಕಾದ್ರೆ ಎರಡು ಹಂತ. ಮೊದಲನೇ ಸಮ್ಮರೈಜ್‌ನಲ್ಲಿ ಆ ಕಾಲಂನ ಮ್ಯಾಕ್ಸಿಮಮ್ ತಗೊಳ್ಳಿ, ಗುಂಪು ಮಾಡೋದು ಆರ್ಡರ್ ಐಡಿ ಮೇಲೆ, ಜೊತೆಗೆ ಸಮಯದ ಮಿನಿಮಮ್ಮನ್ನೂ ತಗೊಳ್ಳಿ, ಅದು ಮೊದಲನೇ ಪ್ರಯತ್ನದ ಹೊತ್ತು. ಒಂದು ಆರ್ಡರ್‌ನಲ್ಲಿ ಒಂದು ಸಲ ಆದ್ರೂ ಸಕ್ಸೆಸ್ ಆಗಿದ್ರೆ ಮ್ಯಾಕ್ಸಿಮಮ್ 1 ಬರತ್ತೆ, ಎಲ್ಲಾ ಫೇಲ್ ಆಗಿದ್ರೆ 0. ಈಗ ಅದ್ರ ಕೆಳಗೇ ಇನ್ನೊಂದು ಸಮ್ಮರೈಜ್ ಸೇರ್ಸಿ, ಮ್ಯಾಕ್ಸಿಮಮ್ಮಿನ ಆವರೇಜ್, ದಿನದ ಪ್ರಕಾರ. ಪ್ರತಿ ಹಂತದ ಪಕ್ಕ ಸಣ್ಣ ಪ್ರಿವ್ಯೂ ಬಟನ್ ಇರತ್ತೆ, ಒತ್ತಿದ್ರೆ ಅಲ್ಲಿವರೆಗಿನ ಸಾಲು ತೋರ್ಸತ್ತೆ, ಒಂದೊಂದು ಹಂತಕ್ಕೂ ಒತ್ತಿ ನೋಡ್ಕೊಂಡೇ ಮುಂದೆ ಹೋಗಿ.

ಇಲ್ಲಿಗೆ ಮುಗೀಲಿಲ್ಲ, ಪೆಂಡಿಂಗ್ ಅಂತ ಒಂದಿದೆ. ಯುಪಿಐನಲ್ಲಿ ದುಡ್ಡು ಕಟ್ಟಾಗಿದ್ದೂ ಸ್ಟೇಟಸ್ ಬರೋಕೆ ತಡ ಆಗೋದು ಎಲ್ರಿಗೂ ಅನುಭವ ಇರತ್ತೆ. ನಮ್ಮ ಕಾಲಂ ಪ್ರಕಾರ ಪೆಂಡಿಂಗ್ ಅಂದ್ರೆ 0, ಅಂದ್ರೆ ಇವತ್ತಿನ ರೇಟ್ ಯಾವಾಗ್ಲೂ ಸ್ವಲ್ಪ ಕಡಿಮೆನೇ ಕಾಣತ್ತೆ, ಸಂಜೆಗೆ ತಾನಾಗೇ ಏರತ್ತೆ. ಗೊತ್ತಿಲ್ದೇ ಇದ್ದವ್ರು ಪ್ರತಿದಿನ ಬೆಳಿಗ್ಗೆ ಗಾಬರಿ ಬೀಳ್ತಾರೆ. ಹಾಗಾಗಿ ಇವತ್ತಿನ ದಿನವನ್ನ ಚಾರ್ಟಿಂದ ತೆಗ್ದುಬಿಡಿ, ಮೆಟಾಬೇಸ್‌ನ ದಿನಾಂಕದ ಫಿಲ್ಟರ್‌ನಲ್ಲಿ ಇವತ್ತನ್ನ ಸೇರ್ಸಬೇಕೋ ಬೇಡ್ವೋ ಅಂತ ಆಯ್ಕೆನೇ ಇದೆ. ವಾರದ ಚಾರ್ಟ್‌ಗೂ ಇದೇ ಕಥೆ, ಅರ್ಧ ವಾರದ ಡೇಟಾ ಕೊನೇಲಿ ದಬಕ್ಕಂತ ಬಿದ್ದಂಗೆ ಕಾಣತ್ತೆ.

ಆಮೇಲೆ ಫೇಲ್ ಆದ 350ನ್ನ ಒಡೀರಿ. ಎರರ್ ಕೋಡ್ ಕಾಲಂ ಇದ್ದೇ ಇರತ್ತೆ. ಝಡ್9 ಅಂದ್ರೆ ಗ್ರಾಹಕರ ಅಕೌಂಟ್‌ನಲ್ಲಿ ದುಡ್ಡಿಲ್ಲ, ಝಡ್‌ಎಂ ಅಂದ್ರೆ ಪಿನ್ ತಪ್ಪು ಹಾಕಿದಾರೆ. ಇಂಥವನ್ನ ಬಿಸ್ನೆಸ್ ಡಿಕ್ಲೈನ್ ಅಂತಾರೆ, ಬ್ಯಾಂಕ್ ಅಥವಾ ನೆಟ್ವರ್ಕ್ ಕೈಕೊಟ್ರೆ ಟೆಕ್ನಿಕಲ್ ಡಿಕ್ಲೈನ್. ಯುಪಿಐ ನಡೆಸೋ ಸಂಸ್ಥೆ ಎನ್‌ಪಿಸಿಐ ಬ್ಯಾಂಕ್‌ವಾರು ಈ ಎರಡೂ ಅಂಕಿ ತನ್ನ ಸೈಟ್‌ನಲ್ಲಿ ತಿಂಗಳು ತಿಂಗಳು ಹಾಕತ್ತೆ, ಅದ್ರ ಪಕ್ಕ ನಿಮ್ಮದನ್ನ ಇಟ್ಟು ನೋಡಿ. ಒಂದು ಬ್ಯಾಂಕ್ ದೇಶಕ್ಕೇ ಕೆಟ್ಟಿದ್ರೆ ನೀವು ಗೇಟ್‌ವೇ ಬದಲಾಯಿಸಿ ಏನೂ ಪ್ರಯೋಜನ ಇಲ್ಲ. ಬಿಸ್ನೆಸ್ ಡಿಕ್ಲೈನ್ ಜಾಸ್ತಿ ಇದ್ರೆ ಎಂಜಿನಿಯರ್ ಕೈಲಿ ಏನೂ ಇಲ್ಲ, ಸ್ಕ್ರೀನ್‌ನಲ್ಲಿ ಸಂಥಿಂಗ್ ವೆಂಟ್ ರಾಂಗ್ ಅನ್ನೋ ಬದ್ಲು ನಿಮ್ಮ ಖಾತೆಯಲ್ಲಿ ಹಣ ಸಾಲದು ಬೇರೆ ಖಾತೆಯಿಂದ ಟ್ರೈ ಮಾಡಿ ಅಂತ ನೆಟ್ಟಗೆ ಬರೀಬಹುದು, ಅದು ಪಿಎಂ ಕೈಲೇ ಇರೋ ಕೆಲಸ.

ಎಸ್‌ಕ್ಯೂಎಲ್ ಎಷ್ಟು ಬೇಕು

ಸ್ವಲ್ಪ ಸಾಕು. ಸೆಲೆಕ್ಟ್, ವೇರ್, ಗ್ರೂಪ್ ಬೈ, ಜಾಯಿನ್, ಕೌಂಟ್ ಡಿಸ್ಟಿಂಕ್ಟ್, ದಿನಾಂಕವನ್ನ ವಾರಕ್ಕೋ ತಿಂಗಳಿಗೋ ಮೊಟಕು ಮಾಡೋದು. ಕೋರ್ಸ್ ಗೀರ್ಸ್ ಬೇಡ, ಮೇಲೆ ಹೇಳಿದಂಗೆ ಕ್ಲಿಕ್ ಮಾಡಿ ಕ್ವೆಶ್ಚನ್ ಮಾಡಿ, ಆಮೇಲೆ ಅದೇ ಮೆಟಾಬೇಸ್‌ನಲ್ಲಿ ವ್ಯೂ ಎಸ್‌ಕ್ಯೂಎಲ್ ಒತ್ತಿ, ನೀವು ಕ್ಲಿಕ್ ಮಾಡಿದ್ದು ಹೆಂಗೆ ಬರಹ ಆಗಿದೆ ಅಂತ ಓದಿ. ನಿಮ್ಮದೇ ಪ್ರಶ್ನೆ ನಿಮ್ಮದೇ ಟೇಬಲ್ ಆದ್ರೆ ತಲೆಗೆ ಬೇಗ ಹತ್ತತ್ತೆ.

ಬಿಗ್‌ಕ್ವೆರಿ (ಗೂಗಲ್‌ನ ಕ್ಲೌಡ್ ಡೇಟಾಬೇಸ್) ಇದ್ರೆ ಒಂದು ಎಚ್ಚರ. ಆನ್ ಡಿಮ್ಯಾಂಡ್ ಪ್ಲಾನ್‌ನಲ್ಲಿ ಅದು ಬಿಲ್ ಮಾಡೋದು ಎಷ್ಟು ಡೇಟಾ ಓದಿದ್ರಿ ಅನ್ನೋದ್ರ ಮೇಲೆ, ತಿಂಗಳಿಗೆ ಮೊದಲ 1 ಟೆರಾಬೈಟ್ ಫ್ರೀ. ಎಲ್ಲಾ ಕಾಲಂ ಕೇಳಿ ಕೊನೇಲಿ ಲಿಮಿಟ್ 10 ಹಾಕಿದ್ರೆ ಹತ್ತೇ ಸಾಲು ತಾನೇ ಅಂತ ಅಂದ್ಕೋತೀವಿ, ಸಾಮಾನ್ಯ ಟೇಬಲ್‌ನಲ್ಲಿ ಅದು ಇಡೀ ಟೇಬಲ್ ಓದಿ ಹತ್ತು ಸಾಲು ಕೊಡತ್ತೆ, ಬಿಲ್ ಇಡೀ ಟೇಬಲ್‌ಗೇ. ಬೇಕಾದ ಕಾಲಂ ಮಾತ್ರ ಕೇಳಿ, ರನ್ ಮಾಡೋ ಮೊದ್ಲು ಮೇಲೆ ಮೂಲೆಯಲ್ಲಿ ಎಷ್ಟು ಓದತ್ತೆ ಅಂತ ತೋರ್ಸತ್ತೆ, ಕಣ್ಣಾಡ್ಸಿ.

ಎಐ ಹತ್ರ ಕ್ವೆರಿ ಬರೆಸ್ಕೊಳ್ಳಿ, ಬೇಡ ಅನ್ನಲ್ಲ. ಆದ್ರೆ ನಿಮ್ಮ ಟೇಬಲ್‌ನಲ್ಲಿ 4 ಅಂದ್ರೆ ಕ್ಯಾನ್ಸಲ್ ಅಂತ ಅದಕ್ಕೆ ಕನಸು ಬಿದ್ದಿರಲ್ಲ. ಕಾಫಿ ಕುಡೀತಾ ಬರ್ದಿಟ್ಕೊಂಡಿದ್ರಲ್ಲ, ಆ ನೋಟ್ಸ್ ಪೂರ್ತಿ ಅದಕ್ಕೆ ಕೊಟ್ಟು ಆಮೇಲೆ ಕೇಳಿ.

ಸರಾಸರಿ, ಊರು, ಹಬ್ಬ

ಹತ್ತು ಡೆಲಿವರಿ ಆಗಿದೆ, ಒಂಬತ್ತು 20 ನಿಮಿಷದಲ್ಲಿ, ಒಂದು ಮಾತ್ರ ಸಿಲ್ಕ್ ಬೋರ್ಡ್‌ನಲ್ಲಿ ಸಿಕ್ಕಾಕ್ಕೊಂಡು 120 ನಿಮಿಷ. ಸರಾಸರಿ 30. ಆ ಹತ್ತು ಜನರಲ್ಲಿ ಒಬ್ರಿಗೂ 30 ನಿಮಿಷಕ್ಕೆ ಬಂದಿಲ್ಲ. ಅದಕ್ಕೆ ಸಮಯದ ವಿಷಯದಲ್ಲಿ ಮೀಡಿಯನ್ನು (ಸಾಲಾಗಿ ಜೋಡ್ಸಿದ್ರೆ ನಡುವೆ ಬರೋದು) ಮತ್ತೆ ಪಿ90 (ನೂರಕ್ಕೆ 90 ಡೆಲಿವರಿ ಇದರೊಳಗೆ ಮುಗಿಯೋ ಸಮಯ) ಎರಡೂ ಹಾಕಿ, ಕಸ್ಟಮರ್ ಕೇರ್‌ಗೆ ಫೋನ್ ಬರೋದು ಪಿ90ಯ ಆಚೆ ಇರೋವ್ರಿಂದ.

ಊರು ಬೆರೆತ್ರೆ ಇನ್ನೊಂದು ತಮಾಷೆ. ಹೋದ ತಿಂಗಳು ಬೆಂಗಳೂರಲ್ಲಿ 1,000 ಜನ ಬಂದು 100 ಜನ ಆರ್ಡರ್ ಮಾಡಿದ್ರು, 10%. ಈ ತಿಂಗಳು 1,000ಕ್ಕೆ 110, ಅಂದ್ರೆ 11%, ಏರಿದೆ. ಆದ್ರೆ ಈ ತಿಂಗಳು ಹುಬ್ಬಳ್ಳಿ ಶುರುವಾಯ್ತು, ಹೊಸಬ್ರು 1,000 ಜನ ಬಂದು ನೋಡಿ 40 ಜನ ಆರ್ಡರ್ ಮಾಡಿದ್ರು. ಒಟ್ಟು 2,000ಕ್ಕೆ 150, 7.5%. ಡ್ಯಾಶ್‌ಬೋರ್ಡ್ ಮೇಲೆ ಕೆಂಪು ಬಾಣ ಕೆಳಗೆ, ಎಲ್ರೂ ಹೋದ ವಾರ ರಿಲೀಸ್ ಆದ ಹೋಮ್‌ಸ್ಕ್ರೀನ್ ಮೇಲೆ ಗೂಬೆ ಕೂರಿಸ್ತಾರೆ. ಒಟ್ಟು ಬಿದ್ದಾಗ ಮೊದ್ಲು ಊರು ಪ್ರಕಾರ ಒಡೀರಿ, ಆಮೇಲೆ ಹೊಸಬ್ರು ಹಳಬ್ರು, ಆಮೇಲೆ ಆ್ಯಂಡ್ರಾಯ್ಡ್ ಐಫೋನು, ಆಮೇಲೆ ಆಪ್ ವರ್ಷನ್. ಈ ನಾಲ್ಕರಲ್ಲೇ ಬಹಳ ಸಲ ಉತ್ತರ ಸಿಕ್ಬಿಡತ್ತೆ.

ಹಬ್ಬದ್ದಂತೂ ಯಾವ ಟೂಲೂ ನಿಮಗೆ ಹೇಳ್ಕೊಡಲ್ಲ. ಮೆಟಾಬೇಸ್ ಥರದ ಬಿಐ ಟೂಲ್‌ಗಳಲ್ಲಿ ಹೋದ ವರ್ಷದ ಇದೇ ಅವಧಿ ಅಂತ ಹೋಲ್ಸೋ ಬಟನ್ ಇರತ್ತೆ, ಅದು ನೋಡೋದು ಇಂಗ್ಲಿಷ್ ಕ್ಯಾಲೆಂಡರ್. ಗಣೇಶ ಚತುರ್ಥಿ 2024ರಲ್ಲಿ ಸೆಪ್ಟೆಂಬರ್ 7, 2025ರಲ್ಲಿ ಆಗಸ್ಟ್ 27. ಆಗಸ್ಟ್‌ಗೆ ಆಗಸ್ಟ್ ಹೋಲ್ಸಿದ್ರೆ ಭರ್ಜರಿ ಗ್ರೋತ್, ಸೆಪ್ಟೆಂಬರ್‌ಗೆ ಸೆಪ್ಟೆಂಬರ್ ಹೋಲ್ಸಿದ್ರೆ ಕುಸಿತ, ಎರಡಕ್ಕೂ ಕಾರಣ ಗಣಪನೇ ಹೊರತು ನಿಮ್ಮ ಫೀಚರ್ ಅಲ್ಲ. ಇದಕ್ಕಿಂತ ಮಜಾ ಯುಗಾದಿ. 2023ರಲ್ಲಿ ಮಾರ್ಚ್ 22, 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30. ಈಗ ಹಣಕಾಸು ವರ್ಷದ ಲೆಕ್ಕ ಹಾಕಿ ನೋಡಿ, 2023-24ರಲ್ಲಿ ಒಂದು ಯುಗಾದಿನೂ ಇಲ್ಲ, 2024-25ರಲ್ಲಿ ಎರಡೆರಡು! ಬೆಲ್ಲ, ತೊಗರಿಬೇಳೆ, ಕಡ್ಲೆಬೇಳೆ ಮಾರೋ ಕ್ಯಾಟಗರಿಗೆ ಆ್ಯನ್ಯುಯಲ್ ಗ್ರೋತ್ ಅಂತ ಸ್ಲೈಡ್ ಹಾಕಿದ್ರೆ ಅದ್ರಲ್ಲಿ ಎಷ್ಟು ನಿಮ್ಮ ಸಾಧನೆ ಎಷ್ಟು ಪಂಚಾಂಗದ್ದು ಅಂತ ಬೇರೆ ಮಾಡ್ಲೇಬೇಕು.

ಇದಕ್ಕೆ ಉಪಾಯ ಸುಲಭ. ಗೂಗಲ್ ಶೀಟ್‌ನಲ್ಲಿ ಎರಡು ಕಾಲಂ, ದಿನಾಂಕ ಮತ್ತೆ ಹಬ್ಬದ ಹೆಸರು, ನಾಲ್ಕೈದು ವರ್ಷದ್ದು ಕೂತು ತುಂಬಿ. ವರಮಹಾಲಕ್ಷ್ಮಿ, ಗೌರಿ ಗಣೇಶ, ಆಯುಧಪೂಜೆ, ದೀಪಾವಳಿ, ಸಂಕ್ರಾಂತಿ (ಇದೊಂದೇ ಪುಣ್ಯಾತ್ಮ, ಜನವರಿ 14-15 ಬಿಟ್ಟು ಕದಲಲ್ಲ). ಡೇಟಾ ಎಂಜಿನಿಯರ್‌ಗೆ ಹೇಳಿ ಅದನ್ನ ಒಂದು ಟೇಬಲ್ ಮಾಡ್ಸಿ ಆರ್ಡರ್ ದಿನಾಂಕದ ಜೊತೆ ಜಾಯಿನ್ ಮಾಡಿ, ಹಬ್ಬಕ್ಕೆ ಎಷ್ಟು ದಿನ ಮುಂಚೆ ಅನ್ನೋ ಲೆಕ್ಕದಲ್ಲಿ ಈ ವರ್ಷ ಹೋದ ವರ್ಷ ಎರಡೂ ಗೆರೆ ಒಂದೇ ಚಾರ್ಟ್‌ನಲ್ಲಿ ಹಾಕಿ. ಕಿರಾಣಿ ಏರೋದು ಹಬ್ಬದ ಹಿಂದಿನ ಎರಡು ಮೂರು ದಿನ, ಹಬ್ಬದ ದಿನ ಅಲ್ಲ, ಅದು ಆ ಚಾರ್ಟ್‌ನಲ್ಲಿ ಚೆನ್ನಾಗಿ ಕಾಣತ್ತೆ. ಹಬ್ಬ ಇಲ್ಲದ ವಾರದಲ್ಲೂ ಸೋಮವಾರಕ್ಕೆ ಸೋಮವಾರನೇ ಹೋಲ್ಸಿ, ತಿಂಗಳ ಮೊದಲ ವಾರ ಸಂಬಳದ ವಾರ ಅನ್ನೋದೂ ನೆನಪಿರ್ಲಿ.

ಚಾರ್ಟ್ ಬಗ್ಗೆ ಚೂರೇ ಚೂರು

ಕಾಲದ ಜೊತೆ ಬದಲಾಗೋದಕ್ಕೆ ಲೈನು, ಹೋಲಿಕೆಗೆ ಬಾರು, ಬಾರ್‌ಗಳನ್ನ ದೊಡ್ಡದರಿಂದ ಚಿಕ್ಕದಕ್ಕೆ ಜೋಡ್ಸಿ, ಬಾರ್ ಆದ್ರೆ ಅಕ್ಷ ಸೊನ್ನೆಯಿಂದಲೇ ಶುರುವಾಗ್ಬೇಕು. ಪೈ ಚಾರ್ಟ್ ಎರಡು ಮೂರು ತುಂಡಿಗಿಂತ ಜಾಸ್ತಿ ಆದ್ರೆ ಬೇಡ, 1984ರಲ್ಲೇ ಕ್ಲೀವ್‌ಲ್ಯಾಂಡ್ ಮತ್ತೆ ಮೆಕ್‌ಗಿಲ್ ಅನ್ನೋರು ಪ್ರಯೋಗ ಮಾಡಿ ತೋರ್ಸಿದಾರೆ, ನಮ್ಮ ಕಣ್ಣು ಒಂದೇ ಅಳತೆಗೋಲಿನ ಮೇಲಿನ ಜಾಗವನ್ನ ಸರಿಯಾಗಿ ಅಳೆಯತ್ತೆ, ಕೋನ ಅಳೆಯೋದ್ರಲ್ಲಿ ಅಷ್ಟು ಚುರುಕಿಲ್ಲ. ಎಡಕ್ಕೊಂದು ಅಕ್ಷ ಬಲಕ್ಕೊಂದು ಅಕ್ಷ ಇರೋ ಚಾರ್ಟು ನನಗೆ ಕಂಡ್ರಾಗಲ್ಲ, ಅಳತೆ ಹಿಗ್ಗಿಸಿ ಕುಗ್ಗಿಸಿ ಯಾವ ಎರಡು ಗೆರೆನಾದ್ರೂ ಜೊತೆಗೆ ಓಡ್ಸಬಹುದು. ದುಡ್ಡು ತೋರ್ಸುವಾಗ 1.2 ಮಿಲಿಯನ್ ಅಂತ ಬಂದ್ರೆ ಅರ್ಧ ಜನ ಮನಸಲ್ಲೇ ಲಕ್ಷಕ್ಕೆ ತಿರುಗ್ಸೋಕೆ ಕೂರ್ತಾರೆ, ಒಂದು ಲಕ್ಷದಿಂದ ಭಾಗ್ಸಿದ ಕಾಲಂ ಮಾಡಿ ಅದಕ್ಕೆ ಲಕ್ಷ ರೂ. ಅಂತ ಹೆಸರಿಡಿ.

ಡ್ಯಾಶ್‌ಬೋರ್ಡು

ಒಂದು ಡ್ಯಾಶ್‌ಬೋರ್ಡ್ ಒಂದು ಮೀಟಿಂಗ್‌ಗೆ. ಸೋಮವಾರದ ಪೇಮೆಂಟ್ಸ್ ರಿವ್ಯೂಗೆ ಒಂದು, ಮುಗೀತು. ಐದಾರು ಕಾರ್ಡ್‌ಗಿಂತ (ಚಾರ್ಟ್ ಕೂರೋ ಚೌಕ) ಜಾಸ್ತಿ ಬೇಡ, ಸ್ಕ್ರೋಲ್ ಮಾಡ್ಬೇಕಾದ್ದನ್ನ ಯಾರೂ ನೋಡಲ್ಲ. ತಲೆ ಮೇಲೆ ಒಂದು ಟೆಕ್ಸ್ಟ್ ಕಾರ್ಡ್ ಹಾಕಿ ಅದ್ರಲ್ಲಿ ಡೆಫಿನಿಷನ್ ಬರೀರಿ, ಹಿಂಗೆ: ಸಕ್ಸೆಸ್ ರೇಟ್ ಅಂದ್ರೆ ಯುಪಿಐ ಪ್ರಯತ್ನ ಮಾಡಿದ ಆರ್ಡರ್‌ಗಳಲ್ಲಿ ದುಡ್ಡು ಬಂದವು, ಟೆಸ್ಟ್ ಆರ್ಡರ್ ಬಿಟ್ಟು, ಇವತ್ತಿನ ದಿನ ಬಿಟ್ಟು, ಭಾರತೀಯ ಸಮಯ. ಕೆಳಗೆ ನಿಮ್ಮ ಹೆಸರು.

ದಿನಾ ಬೆಳಿಗ್ಗೆ ಹೋಗಿ ಡ್ಯಾಶ್‌ಬೋರ್ಡ್ ನೋಡೋ ಅಭ್ಯಾಸ ಯಾರಿಗೂ ಉಳ್ಯಲ್ಲ, ಅಲರ್ಟ್ ಹಾಕಿ. ಮೆಟಾಬೇಸ್‌ನಲ್ಲಿ ಚಾರ್ಟಿಗೆ ಒಂದು ಗೋಲ್ ಲೈನ್ ಹಾಕಿ ಅದಕ್ಕಿಂತ ಕೆಳಗೆ ಹೋದ್ರೆ ಸ್ಲ್ಯಾಕ್‌ಗೋ ಇಮೇಲ್‌ಗೋ ಬರೋ ಹಂಗೆ ಮಾಡ್ಬಹುದು. ಗೆರೆ ತೀರಾ ಮೇಲೆ ಇಟ್ರೆ ದಿನಾ ಬಡ್ಕೊಳ್ಳತ್ತೆ, ವಾರದಲ್ಲಿ ಎಲ್ರೂ ಮ್ಯೂಟ್ ಮಾಡ್ತಾರೆ, ಹಿಂದಿನ ಎರಡು ಮೂರು ತಿಂಗಳಲ್ಲಿ ಅತಿ ಕಡಿಮೆ ಎಲ್ಲಿಗೆ ಹೋಗಿತ್ತು ನೋಡ್ಕೊಂಡು ಅದ್ರ ಆಸುಪಾಸಲ್ಲಿ ಇಡಿ. ಹಳೇ ಡ್ಯಾಶ್‌ಬೋರ್ಡ್‌ಗಳನ್ನ ಯಾರಾದ್ರೂ ನೋಡ್ತಿದ್ದಾರಾ ಅಂತ ಅನುಮಾನ ಇದ್ರೆ ಕಸದ ಬುಟ್ಟಿಗೆ ಹಾಕಿ, ಬೇಕಾದವ್ರು ಕೂಗ್ತಾರೆ, ವಾಪಸ್ ತೆಗ್ದು ಕೊಟ್ರಾಯ್ತು.

ಫೋನ್ ನಂಬರ್, ವಿಳಾಸ ಇರೋ ಟೇಬಲ್‌ನ ಡ್ಯಾಶ್‌ಬೋರ್ಡ್‌ಗೆ ತರ್ಲೇಬೇಡಿ, ನಿಮಗೆ ಬೇಕಾದ್ದು ಎಣಿಕೆ. ಮೆಟಾಬೇಸ್‌ನ ಪಬ್ಲಿಕ್ ಲಿಂಕ್ ಅಂದ್ರೆ ಲಿಂಕ್ ಸಿಕ್ಕ ಯಾರು ಬೇಕಾದ್ರೂ ಲಾಗಿನ್ ಇಲ್ದೇ ನೋಡ್ಬಹುದು. ಸಿಎಸ್‌ವಿ (ಟೇಬಲ್‌ನ ಫೈಲು) ಇಳ್ಸಿ ವಾಟ್ಸಾಪ್‌ನಲ್ಲಿ ಕಳ್ಸೋ ಚಟ ಇದ್ರೆ ಬಿಟ್ಬಿಡಿ, 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂದ್ಮೇಲೆ ಇದು ಬರೀ ಶಿಸ್ತಿನ ವಿಷಯ ಆಗಿ ಉಳಿದಿಲ್ಲ. ಎಕ್ಸೆಲ್‌ನಲ್ಲಿ ತೆರೆಯೋದಾದ್ರೂ ಜೋಪಾನ, ಅದು 15 ಅಂಕಿವರೆಗೆ ಮಾತ್ರ ನೆನಪಿಟ್ಕೊಳ್ಳೋದು, ಅದಕ್ಕಿಂತ ಉದ್ದದ ಆರ್ಡರ್ ಐಡಿ ನಂಬರ್ ರೂಪದಲ್ಲಿದ್ರೆ ಕೊನೇ ಅಂಕಿಗಳೆಲ್ಲ ಸೊನ್ನೆ ಆಗ್ಹೋಗತ್ತೆ, ಆಮೇಲೆ ಯಾವ ಲುಕಪ್ಪೂ ಹೊಂದಲ್ಲ.

ಮೀಟಿಂಗ್‌ಗೆ ಹೋಗುವಾಗ

ಡ್ಯಾಶ್‌ಬೋರ್ಡ್ ಸ್ಕ್ರೀನ್‌ಶಾಟ್ ತಗೊಂಡು ಹೋಗ್ಬೇಡಿ. ಒಂದೇ ಚಾರ್ಟು, ಅದ್ರ ತಲೆ ಮೇಲೆ ಯುಪಿಐ ಟ್ರೆಂಡ್ ಅನ್ನೋ ಥರದ ಹೆಸರು ಬೇಡ, ಎರಡನೇ ಸಲ ಟ್ರೈ ಮಾಡಿದವ್ರಲ್ಲಿ ಅರ್ಧಕ್ಕರ್ಧ ಜನಕ್ಕೆ ಪೇಮೆಂಟ್ ಆಗ್ತಿದೆ ಅಂತ ಪೂರ್ತಿ ವಾಕ್ಯ ಬರೀರಿ. ಕೆಳಗೆ ಸಣ್ಣ ಅಕ್ಷರದಲ್ಲಿ ದಿನಾಂಕ, ಫಿಲ್ಟರ್, ಕ್ವೆಶ್ಚನ್ ಲಿಂಕು.

ಫೈನಾನ್ಸ್‌ನವ್ರು ನಮ್ಮ ನಂಬರ್ ಬೇರೆ ಇದ್ಯಲ್ಲ ಅಂತ ಕೇಳೇ ಕೇಳ್ತಾರೆ. ಅಲ್ಲೇ ವಾದಕ್ಕೆ ಇಳೀಬೇಡಿ, ಒಂದೇ ಒಂದು ದಿನದ ಆರ್ಡರ್ ಐಡಿಗಳ ಪಟ್ಟಿ ಅವ್ರದ್ದೂ ತಗೊಳ್ಳಿ ನಿಮ್ಮದೂ ತಗೊಳ್ಳಿ, ಎರಡನ್ನೂ ಶೀಟ್‌ನಲ್ಲಿ ಪಕ್ಕಪಕ್ಕ ಇಟ್ಟು ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ್ದನ್ನ ಬೇರೆ ಮಾಡಿ. ಉಳಿಯೋ ಇಪ್ಪತ್ತು ಮೂವತ್ತು ಐಡಿಗಳನ್ನ ಡೇಟಾಬೇಸ್‌ನಲ್ಲಿ ಒಂದೊಂದಾಗಿ ತೆಗ್ದು ನೋಡಿದ್ರೆ ಬಹುಮಟ್ಟಿಗೆ ರಾತ್ರಿ ಹನ್ನೆರಡರಿಂದ ಐದೂವರೆ ನಡುವಿನವು, ರೀಫಂಡ್ ಆದವು, ಇಲ್ಲಾಂದ್ರೆ ಕ್ಯಾನ್ಸಲ್ ಆದವು ಆಗಿರತ್ತೆ. ಐಡಿ ಎಲ್ಲಾ ಹೊಂದಿ ದುಡ್ಡು ಮಾತ್ರ ಹೊಂದ್ಲಿಲ್ಲ ಅಂದ್ರೆ ಜಿಎಸ್‌ಟಿ, ಡೆಲಿವರಿ ಚಾರ್ಜು, ಕೂಪನ್ನು ಈ ಮೂರರಲ್ಲಿ ಯಾವುದನ್ನ ಅವ್ರು ಸೇರ್ಸಿದಾರೆ ನೀವು ಬಿಟ್ಟಿದ್ದೀರಿ ಅಂತ ಕೇಳಿ, ಸಿಕ್ಕಿದ್ದನ್ನ ಆ ಟೆಕ್ಸ್ಟ್ ಕಾರ್ಡ್‌ಗೆ ಒಂದು ಸಾಲು ಸೇರ್ಸಿ.